ಎಚ್‌ಡಿಆರ್ ವಿಡಿಯೋ, ಬೇರೆ ಬೇರೆ ಪರದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ ಆಟ (ಯಕ್ಷಗಾನ), ದೈವದ ಕೋಲ, ಮದುವೆ ಶೂಟ್ ಮಾಡುವವರು, ಮನೆಗೆ ಹೊಸ ಟಿವಿ ತಂದವರು ಸಿಕ್ಕಾಗೆಲ್ಲ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ತುಳು, ಮಲಯಾಳದಲ್ಲಿ ಬಂದದ್ದನ್ನು ಕನ್ನಡಕ್ಕೆ ತಂದಿದ್ದೇನೆ. ಸುಲಭದ್ದು ಮೊದಲು, ಲೆಕ್ಕದ್ದು ಕೊನೆಗೆ.

## ಮೊದಲಿಗೆ

ಎಚ್‌ಡಿಆರ್ ಅಂದ್ರೆ ಬ್ರೈಟ್‌ನೆಸ್ ಜಾಸ್ತಿ ಮಾಡುವುದು, ಅಷ್ಟೇ ಅಲ್ವಾ?

ಅಲ್ಲ. ಎಚ್‌ಡಿಆರ್ ಅಂದರೆ ಹೈ ಡೈನಾಮಿಕ್ ರೇಂಜ್, ಕತ್ತಲೆಯಿಂದ ಬೆಳಕಿನವರೆಗಿನ ದೊಡ್ಡ ಹರವು. ಬಯಲಾಟದಲ್ಲಿ ಬಣ್ಣದ ವೇಷ ಸಭೆಯ ನಡುವಿನಿಂದ ಬರುವುದನ್ನು ನೆನಪಿಸಿಕೊಳ್ಳಿ. ಸುತ್ತ ಕತ್ತಲೆ. ದೊಂದಿಗೆ ರಾಳದ ಪುಡಿ ಎರಚುತ್ತಾರೆ, ಬೆಂಕಿ ಭಗ್ಗೆನ್ನುತ್ತದೆ. ಆ ಹೊತ್ತಿಗೆ ಮುಖದ ಮೇಲಿನ ಚುಟ್ಟಿಯ ಚುಕ್ಕಿಗಳೂ ಕಾಣಬೇಕು, ಬೆಂಕಿಯ ನಾಲಗೆಗಳೂ ಬೇರೆ ಬೇರೆಯಾಗಿ ಕಾಣಬೇಕು. ಮಾಮೂಲಿ ವಿಡಿಯೋ, ಅಂದರೆ ಎಸ್‌ಡಿಆರ್, ಬಿಳಿಯನ್ನು 100 ನಿಟ್ಸ್ (ಪರದೆಯ ಬೆಳಕಿನ ಅಳತೆ) ಎಂದು ಲೆಕ್ಕ ಹಿಡಿದು ತಯಾರಾಗುತ್ತದೆ. ಅದರ ಮೇಲೆ ಜಾಗ ಇಲ್ಲ. ಹಾಗಾಗಿ ಬೆಂಕಿ ಒಂದು ಬಿಳಿ ತೇಪೆ ಆಗುತ್ತದೆ, ಇಲ್ಲದಿದ್ದರೆ ಮುಖ ಕಪ್ಪಾಗುತ್ತದೆ. ಎಚ್‌ಡಿಆರ್‌ನಲ್ಲಿ ಮುಖ ಹೆಚ್ಚುಕಡಿಮೆ ಮೊದಲಿದ್ದ ಬೆಳಕಿನಲ್ಲೇ ಉಳಿಯುತ್ತದೆ, ಬೆಂಕಿಗೆ ಮಾತ್ರ ಮೇಲೆ ಏರಲು ಜಾಗ ಸಿಗುತ್ತದೆ. ಇಡೀ ಚಿತ್ರವೇ ಝಗಝಗ ಅನ್ನುತ್ತಿದ್ದರೆ ಎಲ್ಲೋ ಸೆಟ್ಟಿಂಗ್ ತಪ್ಪಿದೆ ಎಂದೇ ಅರ್ಥ.

ನಿಟ್ಸ್ ನಿಟ್ಸ್ ಅಂತಾರಲ್ಲ, ನಮ್ಮ ಮನೆ ಟಿವಿಯಲ್ಲಿ ಅದು ಎಷ್ಟುಂಟು?

ಪರದೆಯ ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ ಬೆಳಕು ಬಂದರೆ ಅದು 1 ನಿಟ್. ಕಡಿಮೆ ಬೆಲೆಯ ಎಲ್‌ಇಡಿ ಟಿವಿಗಳು ಸಾಮಾನ್ಯವಾಗಿ 250ರಿಂದ 350 ನಿಟ್ಸ್ ಕೊಡುತ್ತವೆ. ಒಳ್ಳೆಯ ಟಿವಿಗಳು ಚಿತ್ರದ ಸಣ್ಣ ಭಾಗದಲ್ಲಿ 1000 ದಾಟುತ್ತವೆ. ಥಿಯೇಟರಿನ ಸಾಮಾನ್ಯ ಪರದೆಯ ಬಿಳಿ ಬರೀ 48 ನಿಟ್ಸ್. ಕತ್ತಲೆ ಇರುವುದರಿಂದ ಅಷ್ಟೇ ಸಾಕಾಗುತ್ತದೆ.

ಸಿನಿಮಾ, ಸೀರೀಸ್‌ಗಳ ಎಚ್‌ಡಿಆರ್ ಪ್ರತಿಯನ್ನು ಹೆಚ್ಚಾಗಿ 1000 ನಿಟ್ಸ್ ಮಾನಿಟರಿನಲ್ಲಿ, ಕೆಲವನ್ನು 4000 ನಿಟ್ಸ್ ಮಾನಿಟರಿನಲ್ಲಿ ತಯಾರು ಮಾಡುತ್ತಾರೆ. ಅಲ್ಲಿಂದ ನಿಮ್ಮ 300ಕ್ಕೆ ಇಳಿಸಬೇಕಲ್ಲ, ತಲೆನೋವೆಲ್ಲ ಶುರುವಾಗುವುದು ಅಲ್ಲಿಂದ.

ಬಾಕ್ಸಿನ ಮೇಲೆ ಎಚ್‌ಡಿಆರ್10 ಅಂತ ಉಂಟು. ಆದರೆ ಮೊದಲಿನ ಟಿವಿಗಿಂತ ಕತ್ತಲೆ ಕಾಣ್ತದೆ. ಮೋಸ ಹೋದೆನಾ?

ಪೂರ್ತಿ ಮೋಸ ಅಲ್ಲ, ಅರ್ಧ ಸತ್ಯ. ಆ ಅಕ್ಷರಗಳಿಗೆ ‘ಎಚ್‌ಡಿಆರ್ ಸಿಗ್ನಲ್ ಬಂದರೆ ಟಿವಿಗೆ ಓದಲು ಬರುತ್ತದೆ’ ಎಂದಷ್ಟೇ ಅರ್ಥ. ಅಷ್ಟು ಬೆಳಕು ಕೊಡುವ ತಾಕತ್ತು ಪರದೆಗೆ ಇದೆ ಎಂದು ಅರ್ಥವಲ್ಲ. 300 ನಿಟ್ಸ್ ಟಿವಿ ಬೆಂಕಿ, ದೀಪಗಳಿಗೆ ಮೇಲೆ ಜಾಗ ಬಿಡಬೇಕಾದರೆ ಮುಖ, ಗೋಡೆ, ಬಟ್ಟೆಗಳನ್ನು ಕೆಳಗೆ ತಳ್ಳಬೇಕಾಗುತ್ತದೆ. ಅದೇ ಟಿವಿ ಎಸ್‌ಡಿಆರ್ ವಿಡಿಯೋ ತೋರಿಸುವಾಗ ಬಿಳಿಯನ್ನು ಸೀದಾ 300ಕ್ಕೆ ಎತ್ತಿಬಿಡುತ್ತದೆ. ಹಾಗಾಗಿ ಎಚ್‌ಡಿಆರ್ ಮಂಕು, ಎಸ್‌ಡಿಆರ್ ಬೆಳ್ಳಗೆ. ಇಂಥ ಟಿವಿಯಲ್ಲಿ ಎಸ್‌ಡಿಆರ್ ಪ್ರತಿಯನ್ನೇ ನೋಡಿ, ನಾಚಿಕೆಪಡಬೇಡಿ.

ಖರೀದಿಸುವ ಮೊದಲು ಅಂಗಡಿಯಲ್ಲಿ ಎರಡು ವಿಷಯ ಕೇಳಿ: ಪೀಕ್ ಬ್ರೈಟ್‌ನೆಸ್ ಎಷ್ಟು, ಲೋಕಲ್ ಡಿಮ್ಮಿಂಗ್ (ಪರದೆಯ ಹಿಂದಿನ ಬೆಳಕನ್ನು ಭಾಗ ಭಾಗವಾಗಿ ಏರಿಸಿ ಇಳಿಸುವುದು) ಉಂಟಾ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ.

ಟೋನ್ ಮ್ಯಾಪಿಂಗ್ ಅಂದ್ರೆ ಏನು? ಸುಲಭದಲ್ಲಿ ಹೇಳಿ ಮಾರಾಯ್ರೇ.

ವಿಡಿಯೋದಲ್ಲಿರುವ ಬೆಳಕನ್ನು ಪರದೆಗೆ ಆಗುವಷ್ಟಕ್ಕೆ ಇಳಿಸುವ ಲೆಕ್ಕ. 1000 ನಿಟ್ಸ್‌ವರೆಗಿನ ವಿಡಿಯೋ, 500 ನಿಟ್ಸ್ ಪರದೆ. ಎಲ್ಲವನ್ನೂ ಅರ್ಧ ಮಾಡಿದರೆ ಮುಖವೂ ಅರ್ಧ ಕತ್ತಲಾಗುತ್ತದೆ. 500ಕ್ಕಿಂತ ಮೇಲಿನದ್ದನ್ನು ಕತ್ತರಿಸಿದರೆ ಬೆಂಕಿ ಮತ್ತೆ ಬಿಳಿ ತೇಪೆ. ಹಾಗಾಗಿ ಕೆಳಗಿನದ್ದನ್ನು ಇದ್ದ ಹಾಗೇ ಬಿಟ್ಟು, ಮೇಲಿನದ್ದನ್ನು ನಿಧಾನವಾಗಿ ಬಗ್ಗಿಸಿ ಒಳಗೆ ಸೇರಿಸುತ್ತಾರೆ.

ಈ ಕೆಲಸ ಟಿವಿ ಮಾಡಬಹುದು, ಫೋನ್, ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್, ಕಂಪ್ಯೂಟರ್ ಪ್ಲೇಯರ್ ಮಾಡಬಹುದು, ಎಡಿಟ್ ಮಾಡುವಾಗ ನೀವೇ ಮಾಡಬಹುದು. ಆದರೆ ಒಬ್ಬರೇ ಮಾಡಬೇಕು. ಒಬ್ಬರು ಉಪ್ಪು ಹಾಕಿದ ಸಾರಿಗೆ ಇನ್ನೊಬ್ಬರು ಬಂದು ಮತ್ತೆ ಹಾಕಿದ ಹಾಗಾಗಬಾರದು. ನನ್ನ ಹತ್ತಿರ ಬರುವ ದೂರುಗಳಲ್ಲಿ ಹೆಚ್ಚಿನವು ಎರಡರಲ್ಲಿ ಒಂದು: ಒಂದೋ ಯಾರೂ ಇಳಿಸಿರುವುದಿಲ್ಲ, ಇಲ್ಲವೇ ಇಬ್ಬರು ಇಳಿಸಿರುತ್ತಾರೆ.

## ಮನೆಯಲ್ಲಿ

ಹಗಲು ಚಾವಡಿಯಲ್ಲಿ ಕೂತು ನೋಡಿದರೆ ಏನೂ ಕಾಣುವುದಿಲ್ಲ, ರಾತ್ರಿ ಸರಿ ಇರ್ತದೆ. ಟಿವಿ ಹಾಳಾ?

ಟಿವಿ ಸರಿಯಾಗಿಯೇ ಇದೆ. ಎಚ್‌ಡಿಆರ್10, ಡಾಲ್ಬಿ ವಿಷನ್ ಎನ್ನುವ ಎರಡೂ ಬಗೆಯ ಎಚ್‌ಡಿಆರ್‌ನಲ್ಲಿ ‘ಈ ಜಾಗ ಇಷ್ಟೇ ನಿಟ್ಸ್ ಇರಬೇಕು’ ಎಂದು ಅಂಕಿಯಲ್ಲೇ ಬರೆದಿರುತ್ತದೆ. ಆ ಅಂಕಿಗಳನ್ನು ಗೊತ್ತು ಮಾಡಿದ್ದು ಹೆಚ್ಚುಕಡಿಮೆ ಕತ್ತಲ ಕೋಣೆಯಲ್ಲಿ. ಮಾನದಂಡದ ಪ್ರಕಾರ ಪರದೆಯ ಸುತ್ತಲಿನ ಬೆಳಕು 5 ನಿಟ್ಸ್ ಮಾತ್ರ. ನಮ್ಮ ಚಾವಡಿಗಳು ಅಂಗಳಕ್ಕೆ ತೆರೆದಿರುತ್ತವೆ. ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದರೆ ಅದರಿಂದಲೂ ಬೆಳಕು ಒಳಗೆ ಬರುತ್ತದೆ. ಪರದೆಯ ಕಪ್ಪೆಲ್ಲ ಬೂದು ಆಗುತ್ತದೆ, 20 ನಿಟ್ಸ್‌ನ ನೆರಳು ಕಾಣುವುದೇ ಇಲ್ಲ.

ಮೊದಲು ಟಿವಿಯ ಜಾಗ ಬದಲಿಸಿ, ಬಾಗಿಲಿಗೆ ಎದುರಾಗಿ ಬೇಡ. ಆಮೇಲೆ ಸೆಟ್ಟಿಂಗ್. ಡಾಲ್ಬಿ ವಿಷನ್ ಐಕ್ಯೂ, ಎಚ್‌ಡಿಆರ್10 ಪ್ಲಸ್ ಅಡಾಪ್ಟಿವ್ ಇರುವ ಟಿವಿಗಳು ಕೋಣೆಯ ಬೆಳಕನ್ನು ಸೆನ್ಸರಿನಿಂದ ಅಳೆದು ನೆರಳಿನ ಭಾಗವನ್ನು ಎತ್ತುತ್ತವೆ. ಹಗಲಿಗೆ ಅವು ಉಪಯೋಗಕ್ಕೆ ಬರುತ್ತವೆ. ಫಿಲ್ಮ್‌ಮೇಕರ್ ಮೋಡ್ ರಾತ್ರಿಗೆ ಚಂದ, ಹಗಲಿಗೆ ಅಲ್ಲ.

ಕೋಲದ ವಿಡಿಯೋ ನನ್ನ ಫೋನಲ್ಲಿ ಬೆಂಕಿ. ದುಬೈಯಲ್ಲಿರುವ ಅಣ್ಣನಿಗೆ ಕಳಿಸಿದರೆ ಬೂದಿ. ಯಾಕೆ?

ಇದು ‘ಯಾರೂ ಇಳಿಸದ’ ಕೇಸ್. ಎಚ್‌ಡಿಆರ್ ಫೈಲಿನೊಳಗೆ ಒಂದು ಗುರುತು ಇರುತ್ತದೆ: ಇದು ಎಚ್‌ಎಲ್‌ಜಿ ಅಥವಾ ಪಿಕ್ಯೂ (ಬೆಳಕನ್ನು ಅಂಕಿಯಲ್ಲಿ ಬರೆಯುವ ಎರಡು ಕ್ರಮ, ವಿವರ ಮುಂದಿದೆ), ಬಣ್ಣದ ಹರವು ಬಿಟಿ 2020. ಕಳಿಸುವ ದಾರಿಯಲ್ಲಿ ಆ್ಯಪ್ ವಿಡಿಯೋವನ್ನು ಸಣ್ಣದು ಮಾಡುವಾಗ ಈ ಗುರುತು ಬಿದ್ದುಹೋದರೆ, ಆ ಕಡೆಯ ಫೋನ್ ಅದನ್ನು ಮಾಮೂಲಿ ವಿಡಿಯೋ ಅಂದುಕೊಂಡು ತೋರಿಸುತ್ತದೆ. ದೊಡ್ಡ ಹರವಿನ ಬಣ್ಣದ ಅಂಕಿಗಳನ್ನು ಸಣ್ಣ ಹರವಿನಲ್ಲಿ ಓದಿದಾಗ ಕೆಂಪು ಬಟ್ಟೆ ತೊಳೆದು ತೊಳೆದು ಮಾಸಿದ ಇಟ್ಟಿಗೆ ಬಣ್ಣಕ್ಕೆ ಬರುತ್ತದೆ. ಕಪ್ಪೂ ಬೂದಾಗುತ್ತದೆ.

ಕಳಿಸಲಿಕ್ಕೇ ತೆಗೆಯುವ ವಿಡಿಯೋ ಆದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಆರ್ ವಿಡಿಯೋ ಆಫ್ ಮಾಡಿಯೇ ತೆಗೆಯಿರಿ. ಐಫೋನ್ 12ರಿಂದ ಈಚೆಗೆ ರೆಕಾರ್ಡ್ ವಿಡಿಯೋ ಎನ್ನುವಲ್ಲಿ ಆ ಸ್ವಿಚ್ ಇದೆ. ಈಗಾಗಲೇ ತೆಗೆದಿದ್ದರೆ ವಿಡಿಯೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ಫೈಲು ಇದ್ದ ಹಾಗೇ ಹೋಗುತ್ತದೆ. ಅಣ್ಣನ ಫೋನಿಗೆ ಎಚ್‌ಡಿಆರ್ ಗೊತ್ತಿರಬೇಕು, ಅಷ್ಟೇ.

ತೋಟದಲ್ಲಿ ಬಿಸಿಲಿಗೆ ನಿಂತು ನೋಡಿದರೆ ಎಚ್‌ಡಿಆರ್ ವಿಡಿಯೋಗೂ ಬೇರೆಯದಕ್ಕೂ ವ್ಯತ್ಯಾಸವೇ ಇಲ್ಲ!

ಸರಿಯಾಗಿಯೇ ಗಮನಿಸಿದ್ದೀರಿ. ಫೋನು ಮಾಮೂಲಿ ಬಿಳಿಯನ್ನು ಒಂದು ಮಟ್ಟದಲ್ಲಿಟ್ಟು, ಅದರ ಮೇಲೆ ಉಳಿದ ಬೆಳಕನ್ನು ಎಚ್‌ಡಿಆರ್‌ನ ಹೊಳಪಿಗೆ ಕೊಡುತ್ತದೆ. ಕೋಣೆಯಲ್ಲಿ ಮಾಮೂಲಿ ಬಿಳಿ 100 ನಿಟ್ಸ್ ಇದ್ದು ಪರದೆಯ ತಾಕತ್ತು 1000 ಇದ್ದರೆ ಮೇಲೆ ಹತ್ತು ಪಟ್ಟು ಜಾಗ. ಬಿಸಿಲಿಗೆ ಬಂದಾಗ ಫೋನು ಮಾಮೂಲಿ ಬಿಳಿಯನ್ನೇ ತುದಿಯವರೆಗೆ ಎತ್ತುತ್ತದೆ. ಮೇಲೆ ಜಾಗವೇ ಉಳಿಯುವುದಿಲ್ಲ. ಫೋನು ಬಿಸಿಯಾದರೆ ಪರದೆ ಇನ್ನೂ ಮಂಕು. ನೆರಳಿಗೆ ಬನ್ನಿ.

ಟಿವಿಗೆ ಸ್ಟಿಕ್ ಹಾಕಿದ ಮೇಲೆ ಹಳೆ ಸೀರಿಯಲ್ ಕೂಡ ಕಣ್ಣಿಗೆ ಹೊಡೀತದೆ.

ಸ್ಟಿಕ್ ಎಲ್ಲವನ್ನೂ ಎಚ್‌ಡಿಆರ್ ಮಾಡಿ ಕಳಿಸುತ್ತಿದೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಭಾಗದಲ್ಲಿ ‘ಆಲ್ವೇಸ್ ಎಚ್‌ಡಿಆರ್’ ಎಂದಿದ್ದರೆ ಅದನ್ನು ‘ಅಡಾಪ್ಟಿವ್’ ಅಥವಾ ‘ಮ್ಯಾಚ್ ಡೈನಾಮಿಕ್ ರೇಂಜ್’ ಎನ್ನುವುದಕ್ಕೆ ಬದಲಿಸಿ. ಒಂದು ವಿಡಿಯೋದಿಂದ ಇನ್ನೊಂದಕ್ಕೆ ಹೋಗುವಾಗ ಪರದೆ ಒಮ್ಮೆ ಕಪ್ಪಾಗಿ ಬರುತ್ತದೆ. ಹೆದರಬೇಡಿ, ಮೋಡ್ ಬದಲಾಗುವುದು ಹಾಗೆಯೇ.

ಮಳೆಗಾಲದಲ್ಲಿ ಇನ್ವರ್ಟರ್‌ನಲ್ಲಿ ನೋಡುವಾಗ ಎಚ್‌ಡಿಆರ್ ಹಾಕಿದರೆ ಬ್ಯಾಟರಿ ಬೇಗ ಮುಗೀತದಾ?

ಮುಗಿಯುತ್ತದೆ. ಹೆಚ್ಚಿನ ಎಲ್‌ಇಡಿ ಟಿವಿಗಳು ಎಚ್‌ಡಿಆರ್ ಬಂದ ಕೂಡಲೇ ಬ್ಯಾಕ್‌ಲೈಟನ್ನು ಪೂರ್ತಿ ಏರಿಸುತ್ತವೆ.

ಟಿವಿಯಲ್ಲಿ ಡೈನಾಮಿಕ್ ಟೋನ್ ಮ್ಯಾಪಿಂಗ್ ಅಂತ ಒಂದು ಆಪ್ಷನ್. ಆನ್ ಇಡಬೇಕಾ, ಆಫ್ ಇಡಬೇಕಾ?

ಆನ್ ಇದ್ದರೆ ಟಿವಿ ಪ್ರತಿ ದೃಶ್ಯವನ್ನೂ ತಾನೇ ನೋಡಿ ಬೆಳಕು ಹಂಚುತ್ತದೆ. ಕಡಿಮೆ ಬೆಳಕಿನ ಟಿವಿಗೆ, ಹಗಲಿಗೆ ಇದು ಅನುಕೂಲ. ಆದರೆ ಕತ್ತಲೆ ಎಂದೇ ತೆಗೆದ ದೃಶ್ಯವನ್ನೂ ಬೆಳಗಿಸಿ ಇಡುತ್ತದೆ. ಇದು ಎಚ್‌ಡಿಆರ್10, ಎಚ್‌ಎಲ್‌ಜಿಗೆ ಮಾತ್ರ. ಡಾಲ್ಬಿ ವಿಷನ್ ತನ್ನದೇ ಸೂಚನೆ ತರುತ್ತದೆ. ನನ್ನ ಮಟ್ಟಿಗೆ 500 ನಿಟ್ಸ್‌ಗಿಂತ ಕೆಳಗಿನ ಟಿವಿಯಲ್ಲಿ ಆನ್, ಒಳ್ಳೆಯ ಓಎಲ್‌ಇಡಿಯಲ್ಲಿ ರಾತ್ರಿ ಆಫ್.

## ಶೂಟ್, ಎಡಿಟ್ ಮಾಡುವವರಿಗೆ

ಎಚ್‌ಡಿಆರ್10, 10 ಪ್ಲಸ್, ಡಾಲ್ಬಿ ವಿಷನ್, ಎಚ್‌ಎಲ್‌ಜಿ. ಇಷ್ಟೊಂದು ಯಾಕೆ? ನಮಗೆ ಯಾವುದು ಬೇಕು?

ಬುಡದಲ್ಲಿರುವುದು ಎರಡೇ. ಒಂದು ಪಿಕ್ಯೂ. ಡಾಲ್ಬಿಯವರು ರೂಪಿಸಿದ್ದು, 2014ರಲ್ಲಿ ಎಸ್‌ಎಂಪಿಟಿಇ ಸಂಸ್ಥೆಯ ಎಸ್‌ಟಿ 2084 ಎಂದು ಮಾನದಂಡವಾಯಿತು. ಇನ್ನೊಂದು ಎಚ್‌ಎಲ್‌ಜಿ. ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಟಿವಿ ಪ್ರಸಾರಕ್ಕಾಗಿ ಮಾಡಿದ್ದು. 2016ರಲ್ಲಿ ಬಂದ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಮಾನದಂಡ ಬಿಟಿ 2100 ಎರಡನ್ನೂ ಒಪ್ಪಿತು.

ಪಿಕ್ಯೂ ಜೊತೆ ಇಡೀ ವಿಡಿಯೋಗೆ ಒಂದೇ ಚೀಟಿ (ಬೆಳಕಿನ ಮಾಹಿತಿ, ಅಂದರೆ ಮೆಟಾಡೇಟಾ) ಅಂಟಿಸಿದರೆ ಎಚ್‌ಡಿಆರ್10. ದೃಶ್ಯಕ್ಕೊಂದು ಚೀಟಿ ಅಂಟಿಸಿದರೆ ಎಚ್‌ಡಿಆರ್10 ಪ್ಲಸ್ ಅಥವಾ ಡಾಲ್ಬಿ ವಿಷನ್. ರಾತ್ರಿಯಿಡೀ ನಡೆಯುವ ಆಟಕ್ಕೆ ಈ ವ್ಯತ್ಯಾಸ ದೊಡ್ಡದು. ಒಂದೇ ಚೀಟಿ ಇದ್ದರೆ ಯಾವಾಗಲೋ ಒಮ್ಮೆ ಹಾರಿದ ರಾಳದ ಬೆಂಕಿಯೇ ಪೂರ್ವರಂಗದಿಂದ ಮಂಗಳದವರೆಗೂ ಬೆಳಕಿನ ಲೆಕ್ಕ ನಿರ್ಧರಿಸಿಬಿಡುತ್ತದೆ.

ಐಫೋನಿನ ಡಾಲ್ಬಿ ವಿಷನ್ ವಿಡಿಯೋ ಒಳಗಿನಿಂದ ಎಚ್‌ಎಲ್‌ಜಿ. ಡಾಲ್ಬಿ ಗೊತ್ತಿಲ್ಲದ ಟಿವಿ ಅದನ್ನು ಎಚ್‌ಎಲ್‌ಜಿ ಎಂದೇ ಓದುತ್ತದೆ. ನಮ್ಮ ಮಟ್ಟದ ಕೆಲಸಕ್ಕೆ ನಾನು ಎಚ್‌ಎಲ್‌ಜಿಯನ್ನೇ ಹೇಳುತ್ತೇನೆ. ಚೀಟಿ ಬೇಡ, ತಪ್ಪು ಚೀಟಿಯ ಭಯವೂ ಇಲ್ಲ.

ಮದುವೆ ವಿಡಿಯೋ ಎಚ್‌ಡಿಆರ್‌ನಲ್ಲೇ ಬೇಕು ಅಂತ ಹುಡುಗನ ಮನೆಯವರು. ಕೊಟ್ಟುಬಿಡಲಾ?

ಕೊಡಿ, ಜೊತೆಗೆ ಎಸ್‌ಡಿಆರ್ ಪ್ರತಿಯನ್ನೂ ಕೊಡಿ. ಪೆನ್‌ಡ್ರೈವ್‌ನಲ್ಲಿ ಎರಡು ಫೋಲ್ಡರ್: ‘ಹೊಸ ಟಿವಿಗೆ’, ‘ಎಲ್ಲದಕ್ಕೂ’. ಎಸ್‌ಡಿಆರ್ ಪ್ರತಿಯನ್ನು ಸಾಫ್ಟ್‌ವೇರ್ ತಾನಾಗಿ ಇಳಿಸಿದ ಹಾಗೆ ಬಿಡಬೇಡಿ. ಧಾರೆಯ ಹೊತ್ತಿನ ಬಿಳಿ ಪಂಚೆ, ಸೀರೆಯ ಜರಿ ಎರಡನ್ನೂ ನೋಡಿ. ಪಂಚೆಯ ನಿರಿಗೆ ಕಾಣಬೇಕು, ಜರಿ ಮಾತ್ರ ಮಿನುಗಬೇಕು.

ಗ್ರೇಡ್ ಮಾಡುವಾಗ ಒಂದು ಅಂಕಿ ನೆನಪಿಡಿ: 203 ನಿಟ್ಸ್. ಐಟಿಯುವಿನ ಬಿಟಿ 2408 ವರದಿ ಎಚ್‌ಡಿಆರ್‌ನಲ್ಲಿ ಬಿಳಿ ಕಾಗದದಂಥ ಬಿಳಿಗೆ ಹೇಳುವ ಮಟ್ಟ ಅದು. ಟೈಟಲ್‌ನ ಬಿಳಿ ಅಕ್ಷರವೂ ಅಲ್ಲೇ ಇರಲಿ. ವಧೂವರರ ಹೆಸರನ್ನು 1000 ನಿಟ್ಸ್‌ನಲ್ಲಿ ಬರೆದರೆ ಕತ್ತಲ ಕೋಣೆಯಲ್ಲಿ ನೋಡುವವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹಾಲ್‌ನ ಎಲ್‌ಇಡಿ ವಾಲ್‌ಗೆ ಏನು ಕೊಡಬೇಕು? ಅದರಲ್ಲಿ ಬೇಕಾದಷ್ಟು ಬೆಳಕು ಉಂಟಲ್ಲ.

ಬೆಳಕು ಉಂಟು. ಆದರೆ ನಡುವೆ ಇರುವ ಪ್ರೊಸೆಸರ್‌ಗೆ ಎಚ್‌ಡಿಆರ್ ಗೊತ್ತಿದೆಯಾ ಎಂದು ಕೇಳಿ. ಖಾತ್ರಿ ಸಿಗದಿದ್ದರೆ ಎಸ್‌ಡಿಆರ್ ಕೊಡಿ. ಜನ ಬರುವ ಮೊದಲು ಒಮ್ಮೆ ಓಡಿಸಿ ನೋಡಿ.

ಬೇಕಲ ಕೋಟೆಯಲ್ಲಿ ತೆಗೆದ ಸೂರ್ಯಾಸ್ತದ ಆಕಾಶದಲ್ಲಿ ಪಟ್ಟಿ ಪಟ್ಟಿ ಬಂದಿದೆ.

ಎಲ್ಲೋ 8 ಬಿಟ್‌ಗೆ ಇಳಿದಿದೆ. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಎಚ್‌ಡಿಆರ್‌ನ ಅಷ್ಟು ದೊಡ್ಡ ಹರವನ್ನು 256 ಮೆಟ್ಟಿಲಲ್ಲಿ ಹಂಚಿದರೆ ಸಮುದ್ರದ ಮೇಲಿನ ಕಿತ್ತಳೆ ಆಕಾಶದಲ್ಲಿ ಪ್ರತಿ ಮೆಟ್ಟಿಲೂ ಕಣ್ಣಿಗೆ ಕಾಣುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ ಎಚ್.265, ಮೇನ್ 10 ಆರಿಸಿ. ಎಸ್‌ಡಿಆರ್‌ಗೆ ಇಳಿಸುವುದಾದರೆ ಟೋನ್ ಮ್ಯಾಪಿಂಗ್ ಪೂರ್ತಿ ಮುಗಿದ ಮೇಲೆ ಕೊನೆಗೆ 8 ಬಿಟ್ ಮಾಡಿ, ಡಿದರಿಂಗ್ (ಪಟ್ಟಿ ಕಾಣದಂತೆ ಸಣ್ಣ ಚುಕ್ಕಿಗಳನ್ನು ಬೆರೆಸುವುದು) ಆನ್ ಇರಲಿ.

ಒತ್ತೆಕೋಲದ ಕೆಂಡದ ರಾಶಿ ಎಸ್‌ಡಿಆರ್ ಮಾಡಿದಾಗ ಹಳದಿ ಆಗ್ತದೆ. ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಪ್ಲಾಸ್ಟಿಕ್ ಕಿತ್ತಳೆ.

ಎರಡೂ ಟೋನ್ ಮ್ಯಾಪಿಂಗ್‌ನ ಬೇರೆ ಬೇರೆ ದಾರಿಯ ಫಲ. ಕೆಂಡದಲ್ಲಿ ಕೆಂಪು ತುಂಬ ಜಾಸ್ತಿ, ಹಸಿರು ಅದಕ್ಕಿಂತ ಕಡಿಮೆ, ನೀಲಿ ಇಲ್ಲವೆನ್ನುವಷ್ಟು. ಮೊದಲ ದಾರಿಯಲ್ಲಿ ಮೂರೂ ಬಣ್ಣಗಳನ್ನು ಬೇರೆ ಬೇರೆಯಾಗಿ ಬಗ್ಗಿಸುತ್ತಾರೆ. ಮೇಲಿರುವ ಕೆಂಪು ಹೆಚ್ಚು ಬಗ್ಗುತ್ತದೆ, ಹಸಿರು ಅಷ್ಟಾಗಿ ಬಗ್ಗುವುದಿಲ್ಲ. ಕೆಂಪು, ಹಸಿರು ಹತ್ತಿರ ಬಂದರೆ ಹಳದಿ. ಎರಡನೆಯ ದಾರಿಯಲ್ಲಿ ಬೆಳಕನ್ನು ಮಾತ್ರ ಇಳಿಸಿ ಬಣ್ಣಗಳ ಪಾಲನ್ನು ಹಾಗೇ ಇಡುತ್ತಾರೆ. ಬೆಳಕು ಇಳಿದರೂ ಬಣ್ಣದ ಗಾಢತೆ ಇಳಿಯದೆ ಕೆಂಡ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ.

ಕಣ್ಣಿಗೆ ಒಪ್ಪುವುದು ನಡುವಿನದ್ದು. ಬೆಳಕು ತುದಿಗೆ ಹೋದಂತೆ ಬಣ್ಣವನ್ನು ಸ್ವಲ್ಪ ಸ್ವಲ್ಪ ತೆಳು ಮಾಡಬೇಕು. ಬೆಳ್ಳಗೆ ಕಾದ ಕೆಂಡ ನಿಜಕ್ಕೂ ಹಾಗೆಯೇ ಇರುತ್ತದಲ್ಲ. ಕೆಂಡ ಸರಿಯಾಯಿತೆಂದು ಅಲ್ಲಿಗೇ ಬಿಡಬೇಡಿ. ದೈವದ ತೆಂಗಿನ ಎಳೆ ಗರಿಯ ಉಡುಪು ನೋಡಿ. ಅದು ನಿಂಬೆಹಳದಿಗೆ ತಿರುಗಿದ್ದರೆ ಇನ್ನೂ ಕೆಲಸ ಬಾಕಿ ಇದೆ.

## ಒಳಗಿನ ಲೆಕ್ಕ

ಪಿಕ್ಯೂ, ಎಚ್‌ಎಲ್‌ಜಿ ಎರಡೂ ಬೆಳಕನ್ನೇ ಬರೆಯುವುದಲ್ವಾ ಸರ್? ಪರದೆಗೆ ಹೊಂದಿಸುವಾಗ ಏನು ವ್ಯತ್ಯಾಸ?

ಪಿಕ್ಯೂ ನೇರ ನಿಟ್ಸ್ ಬರೆಯುತ್ತದೆ, 10,000ದವರೆಗೆ. ಕಣ್ಣು ಕತ್ತಲೆಯಲ್ಲಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುವುದರಿಂದ ಹೆಚ್ಚಿನ ಅಂಕಿಗಳು ಕೆಳಗೇ ಖರ್ಚಾಗುತ್ತವೆ. ಸಿಗ್ನಲ್‌ನ ಸುಮಾರು 51% ಬರುವಾಗ ಬರೀ 100 ನಿಟ್ಸ್, 58%ಗೆ 203, 75%ಗೆ 1000, 90%ಗೆ 4000. ಪರದೆ ಎಂಥದ್ದು ಎಂದು ಪಿಕ್ಯೂ ಕೇಳುವುದಿಲ್ಲ. ಆಗದಿದ್ದರೆ ಪರದೆಯೇ ಟೋನ್ ಮ್ಯಾಪ್ ಮಾಡಿಕೊಳ್ಳಬೇಕು.

ಎಚ್‌ಎಲ್‌ಜಿ ಪಾಲು ಬರೆಯುತ್ತದೆ, ನಿಟ್ಸ್ ಅಲ್ಲ. ಪರದೆಯ ತಾಕತ್ತಿಗೆ ತಕ್ಕಂತೆ ಸಿಸ್ಟಮ್ ಗಾಮಾ (ನಡುವಿನ ಬೆಳಕು ಎಷ್ಟು ಏರಬೇಕು ಎನ್ನುವ ಅಂಕಿ) ಬದಲಾಗುತ್ತದೆ. 1000 ನಿಟ್ಸ್‌ಗೆ 1.2. ಬೇರೆ ಪರದೆಗೆ 1.2ಕ್ಕೆ, ಪೀಕ್ ನಿಟ್ಸನ್ನು 1000ದಿಂದ ಭಾಗಿಸಿ ಬಂದದ್ದರ ಲಾಗರಿದಮ್ಮಿನ (ಬುಡ 10) 0.42 ಪಟ್ಟು ಸೇರಿಸಬೇಕು. 400 ನಿಟ್ಸ್ ಟಿವಿಗೆ ಸುಮಾರು 1.03, 2000ಕ್ಕೆ ಸುಮಾರು 1.33. ಕಡಿಮೆ ಬೆಳಕಿನ ಟಿವಿಯಲ್ಲಿ ಮುಖ ತೀರ ಕತ್ತಲಾಗದೆ ಉಳಿಯುವುದು ಇದರಿಂದ.

‘ಕೆಳಗಿನದ್ದನ್ನು ಇದ್ದ ಹಾಗೇ ಬಿಡಿ’ ಅಂತೀರಿ. ಎಲ್ಲಿಯವರೆಗೆ ಕೆಳಗೆ?

ಬಗ್ಗಲು ಶುರುವಾಗುವ ಜಾಗಕ್ಕೆ ‘ನೀ ಪಾಯಿಂಟ್’ ಎನ್ನುತ್ತಾರೆ (ಇಂಗ್ಲಿಷಿನ ‘ನೀ’, ಅಂದರೆ ಮೊಣಕಾಲು). ಐಟಿಯುವಿನ ಬಿಟಿ 2390 ವರದಿಯಲ್ಲಿ ಇದಕ್ಕೆ ಸರಳ ಸೂತ್ರ ಇದೆ. ಪರದೆಯ ಪೀಕ್‌ನ ಪಿಕ್ಯೂ ಅಂಕಿಯನ್ನು ವಿಡಿಯೋ ಪೀಕ್‌ನ ಪಿಕ್ಯೂ ಅಂಕಿಯಿಂದ ಭಾಗಿಸಿ. ಬಂದದ್ದನ್ನು ಒಂದೂವರೆ ಪಟ್ಟು ಮಾಡಿ 0.5 ಕಳೆಯಿರಿ.

1000 ನಿಟ್ಸ್ ವಿಡಿಯೋ, 500 ನಿಟ್ಸ್ ಪರದೆ, ಕಪ್ಪು ಸೊನ್ನೆ ಎಂದು ಹಿಡಿಯೋಣ. ಪಿಕ್ಯೂ ಅಂಕಿ 0.752 ಮತ್ತು 0.677. ಭಾಗಿಸಿದರೆ 0.90, ಸೂತ್ರಕ್ಕೆ ಹಾಕಿದರೆ 0.85. ಅದನ್ನು 0.752ರಿಂದ ಗುಣಿಸಿ ತಿರುಗಿ ನಿಟ್ಸ್‌ಗೆ ತಂದರೆ ಸುಮಾರು 350. ಅಲ್ಲಿಯವರೆಗೆ ಏನನ್ನೂ ಮುಟ್ಟುವುದಿಲ್ಲ. 203ರ ಬಿಳಿ ಪಂಚೆ ಆರಾಮಾಗಿ ಉಳಿಯುತ್ತದೆ. ಇದೇ ವಿಡಿಯೋವನ್ನು 250 ನಿಟ್ಸ್ ಪರದೆಗೆ ಹಾಕಿದರೆ ನೀ ಪಾಯಿಂಟ್ ಸುಮಾರು 120ಕ್ಕೆ ಬೀಳುತ್ತದೆ. ಪಂಚೆ ಬಗ್ಗುವ ಭಾಗಕ್ಕೆ ಸೇರಿತು. ಅಗ್ಗದ ಟಿವಿಯಲ್ಲಿ ಬಿಳಿ ಬಟ್ಟೆ ಸಪ್ಪೆ ಕಾಣುವುದು ಇದಕ್ಕೇ.

ಮ್ಯಾಕ್ಸ್‌ಸಿಎಲ್‌ಎಲ್ ಎಷ್ಟು ಹಾಕಬೇಕು? ಸುಮ್ನೆ 4000 ಹಾಕಿದರೆ ಆಗುವುದಿಲ್ವಾ?

ಆಗುವುದಿಲ್ಲ. ಅದು ಇಡೀ ವಿಡಿಯೋದ ಅತಿ ಹೆಚ್ಚು ಬೆಳಕಿನ ಪಿಕ್ಸೆಲ್‌ನ ನಿಟ್ಸ್. ಟಿವಿ ಆ ಅಂಕಿ ನಂಬಿ ನೀ ಪಾಯಿಂಟ್ ಇಟ್ಟರೆ, ನಿಜದಲ್ಲಿ 800ಕ್ಕೆ ನಿಂತ ವಿಡಿಯೋ 4000ಕ್ಕಾಗಿ ಕುಗ್ಗಿ ಸುಮ್ಮನೆ ಮಂಕಾಗುತ್ತದೆ. ಒಂದೇ ಒಂದು ಕೆಟ್ಟ ಪಿಕ್ಸೆಲ್ ಕೂಡ ಇದನ್ನು ಮಾಡಬಲ್ಲದು. ಸೊನ್ನೆ ಬಿಟ್ಟರೆ ‘ಗೊತ್ತಿಲ್ಲ’ ಎಂದರ್ಥ. ಆಗ ಟಿವಿ ಮಾಸ್ಟರಿಂಗ್ ಮಾನಿಟರಿನ ಅಂಕಿಯನ್ನೋ ತನ್ನದೇ ಊಹೆಯನ್ನೋ ಹಿಡಿಯುತ್ತದೆ. ಅಳೆದು ಹಾಕಿ, ಅಳೆಯಲಾಗದಿದ್ದರೆ ಸೊನ್ನೆ ಬಿಡಿ.

ಕಂಪ್ಯೂಟರಿನಲ್ಲಿ ಎಂಪಿವಿ ಹಾಕಿದ್ದೇನೆ. ರಾಳ ಹಾರಿದಾಗೆಲ್ಲ ಇಡೀ ರಂಗಸ್ಥಳ ಒಮ್ಮೆ ಕತ್ತಲಾಗಿ ಮತ್ತೆ ಬರ್ತದೆ.

ಪ್ಲೇಯರ್ ಪ್ರತಿ ಫ್ರೇಮಿನ ಪೀಕ್ ಅಳೆದು ಅದಕ್ಕೆ ತಕ್ಕಂತೆ ಇಳಿಸುತ್ತಿದೆ. ಬೆಂಕಿ ಬಂದ ಫ್ರೇಮಿನಲ್ಲಿ ಪೀಕ್ ಏರುತ್ತದೆ, ಉಳಿದದ್ದೆಲ್ಲ ಕೆಳಗೆ ಹೋಗುತ್ತದೆ. ಅಳತೆಯನ್ನು ಹಲವು ಫ್ರೇಮುಗಳ ಮೇಲೆ ಸರಾಸರಿ ಮಾಡಬೇಕು, ದೃಶ್ಯ ಬದಲಾದಾಗ ಮಾತ್ರ ಥಟ್ಟನೆ ಬದಲಿಸಬೇಕು. ಎಂಪಿವಿಯಲ್ಲಿ ಈ ಸರಾಸರಿಯ ಅವಧಿ ಹೆಚ್ಚಿಸಬಹುದು, ಇಲ್ಲವೇ ಪೀಕ್ ಅಳೆಯುವುದನ್ನೇ ಆಫ್ ಮಾಡಬಹುದು. ಒಂದೇ ರಂಗಸ್ಥಳ, ಒಂದೇ ಬೆಳಕು ಇರುವ ಆಟದ ವಿಡಿಯೋಗೆ ನಾನು ಆಫ್ ಮಾಡಿಯೇ ನೋಡುವುದು.

ಜೊತೆಗೆ ಟಾರ್ಗೆಟ್ ಪೀಕ್ ನಿಮ್ಮ ಮಾನಿಟರಿನ ನಿಜವಾದ ನಿಟ್ಸ್‌ಗೆ ಇಡಿ. ಕಂಪ್ಯೂಟರಿಗೆ ಟಿವಿ ಜೋಡಿಸಿ ವಿಂಡೋಸ್‌ನಲ್ಲಿ ಎಚ್‌ಡಿಆರ್ ಆನ್ ಮಾಡಿದ್ದರೆ ಇಲ್ಲಿ ಇನ್ನೊಂದು ಸಿಕ್ಕು. ಪ್ಲೇಯರ್ 600ಕ್ಕೆ ಇಳಿಸಿ ಕಳಿಸಿದರೂ ಟಿವಿ ಅದನ್ನು 1000ದ ವಿಡಿಯೋ ಅಂದುಕೊಂಡು ಮತ್ತೊಮ್ಮೆ ಇಳಿಸಬಹುದು. ಟಿವಿಯಲ್ಲಿ ಎಚ್‌ಜಿಐಜಿ ಎನ್ನುವ ಆಯ್ಕೆ ಇದ್ದರೆ ಅದನ್ನು ಹಾಕಿ. ಆಟವಾಡುವ ಕನ್ಸೋಲ್‌ಗಳಿಗೆಂದು ಬಂದದ್ದು, ಆದರೆ ಇಲ್ಲಿಯೂ ಕೆಲಸ ಮಾಡುತ್ತದೆ. ಟಿವಿ ತಾನು ಬಗ್ಗಿಸುವುದನ್ನು ನಿಲ್ಲಿಸಿ ಬಂದದ್ದನ್ನು ತನ್ನ ಪೀಕ್‌ವರೆಗೆ ಹಾಗೇ ತೋರಿಸುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಪ್ಲೇಯರಿನ ಟೋನ್ ಮ್ಯಾಪಿಂಗ್ ತೆಗೆದು ಎಲ್ಲವನ್ನೂ ಟಿವಿಗೇ ಬಿಡಿ. ಬದಲಿಸಿ ನೋಡಲು ವಿಂಡೋಸ್, ಆಲ್ಟ್, ಬಿ ಮೂರೂ ಕೀ ಒಟ್ಟಿಗೆ ಒತ್ತಿದರೆ ಎಚ್‌ಡಿಆರ್ ಆನ್ ಆಫ್ ಆಗುತ್ತದೆ.

ಅಪ್ಪ ತೆಗೆಸಿದ ಹಳೆ ಆಟದ ಕ್ಯಾಸೆಟ್ ಉಂಟು. ಅದನ್ನು ಎಚ್‌ಡಿಆರ್ ಮಾಡಿ ಕೊಡ್ತೀರಾ?

ಮಾಡಬಹುದು, ಆದರೆ ಬೇಡ. ಕ್ಯಾಸೆಟ್‌ನಲ್ಲಿ ಬೆಂಕಿ ಬಿಳಿ ತೇಪೆ ಆಗಿಯೇ ದಾಖಲಾಗಿದೆ. ಇಲ್ಲದ ವಿವರ ಎಲ್ಲಿಂದ ತರುವುದು? ತೇಪೆಯನ್ನೇ 800 ನಿಟ್ಸ್‌ಗೆ ಎತ್ತಿದರೆ ಇನ್ನೂ ಎದ್ದು ಕಾಣುತ್ತದೆ. ಹೊಸ ಎಚ್‌ಡಿಆರ್ ವಿಡಿಯೋದ ನಡುವೆ ಹಳೆಯ ತುಣುಕು ಸೇರಿಸಬೇಕಿದ್ದರೆ ಅದರ ಬಿಳಿಯನ್ನು 203 ನಿಟ್ಸ್‌ಗೆ ಕೂರಿಸಿ ಬಿಟ್ಟುಬಿಡಿ. ಕ್ಯಾಸೆಟ್ಟಿಗೆ ಮೊದಲು ಬೇಕಾದದ್ದು ಬೇರೆ. ನಮ್ಮ ಮಳೆಗೆ ಬೂಸ್ಟು ಹಿಡಿಯುವ ಮೊದಲು ಒಳ್ಳೆಯ ಪ್ಲೇಯರಿನಲ್ಲಿ ಹಾಕಿಸಿ ಡಿಜಿಟಲ್ ಮಾಡಿಸಿ, ಎರಡು ಕಡೆ ಪ್ರತಿ ಇಡಿ.